ಸಾಂಕ್ರಾಮಿಕ ಪರಿಹಾರದ ಹಣ ಮತ್ತು ನಗರ ವಸತಿ: ವೆಚ್ಚದ ಕ್ರಮ ಹೇಗಿರಬೇಕು

ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಬಿಡುಗಡೆಯಾಗುವ ಪರಿಹಾರದ ಹಣವು ವಾರ್ಷಿಕ ಅನುದಾನದಂತಲ್ಲ. ಅದು ಒಮ್ಮೆ ಬರುತ್ತದೆ. ಮುಂದಿನ ವರ್ಷವೂ ಬರುವುದೆಂಬ ಖಾತರಿ ಇರುವುದಿಲ್ಲ. ಆದುದರಿಂದ ಇಂತಹ ಹಣವನ್ನು ನಗರದ ವಸತಿ ಅಗತ್ಯಗಳಿಗೆ ಬಳಸುವಾಗ ಯಾವುದು ಮೊದಲು, ಯಾವುದು ನಂತರ ಎಂಬ ನಿರ್ಧಾರವು ಮುಖ್ಯವಾಗುತ್ತದೆ. ಕೋವಿಡ್-19 ಅವಧಿಯ ಅನುಭವದ ಹಿನ್ನೆಲೆಯಲ್ಲಿ ಈ ವಿಷಯವನ್ನು ಸಾರ್ವಜನಿಕರ ಹಾಗೂ ಅರ್ಜಿದಾರರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ದಿನಗೂಲಿ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಮಾರ್ಚ್ 28ರಂದು ಕೇಂದ್ರ ಗೃಹ ಸಚಿವಾಲಯವು ವಲಸೆ ಕಾರ್ಮಿಕರೂ ಸೇರಿದಂತೆ ನಿರಾಶ್ರಿತರ ತಾತ್ಕಾಲಿಕ ವಸತಿ, ಊಟ, ಬಟ್ಟೆ ಮತ್ತು ಚಿಕಿತ್ಸೆಗೆ ರಾಜ್ಯ ವಿಪತ್ತು ಪರಿಹಾರ ನಿಧಿಯನ್ನು ಬಳಸಲು ಅವಕಾಶ ನೀಡಿತು. ಮರುದಿನ ಹೊರಡಿಸಿದ ಆದೇಶದಲ್ಲಿ, ಬಾಡಿಗೆಗಿರುವ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆಯನ್ನು ಕೇಳತಕ್ಕದ್ದಲ್ಲವೆಂದೂ, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆಯಿಂದ ಹೊರಹಾಕಿದಲ್ಲಿ ಕ್ರಮ ಜರುಗಿಸಲಾಗುವುದೆಂದೂ ತಿಳಿಸಲಾಯಿತು. ಆದರೆ ವಠಾರದ ಎರಡು ಕೊಠಡಿಗಳ ಬಾಡಿಗೆಯಿಂದಲೇ ಜೀವನ ಸಾಗಿಸುವ ಮಾಲೀಕರ ನಷ್ಟವನ್ನು ಯಾರು ಭರಿಸಬೇಕೆಂಬುದಕ್ಕೆ ಸದರಿ ಆದೇಶದಲ್ಲಿ ಏರ್ಪಾಡು ಇರಲಿಲ್ಲ. ಹಣವಿಲ್ಲದ ಆದೇಶವು ಬಾಡಿಗೆಯನ್ನು ಮುಂದೂಡುತ್ತದೆಯೇ ಹೊರತು ತೀರಿಸುವುದಿಲ್ಲ.

ರಾಜ್ಯ ಸರ್ಕಾರವು 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ಘೋಷಿಸಿದ್ದ 2,000 ರೂಪಾಯಿಗಳ ಜೊತೆಗೆ 3,000 ರೂಪಾಯಿ, ಆಟೋ ಹಾಗೂ ಟ್ಯಾಕ್ಸಿ ಚಾಲಕರು, ಅಗಸರು ಮತ್ತು ಕ್ಷೌರಿಕರಿಗೆ ತಲಾ 5,000 ರೂಪಾಯಿ ಅದರಲ್ಲಿ ಸೇರಿದ್ದವು. 2021ರ ಮೇ ತಿಂಗಳಿನಲ್ಲಿ 1,250 ಕೋಟಿ ರೂಪಾಯಿಗಳ ಮತ್ತೊಂದು ಪರಿಹಾರ ಪ್ರಕಟವಾಯಿತು. ನಗದಾಗಿ ಬಂದ ಈ ಹಣವನ್ನು ಬಾಡಿಗೆಗೆ ಕೊಡಬೇಕೋ ದಿನಸಿಗೆ ಬಳಸಬೇಕೋ ಎಂಬುದು ಆಯಾ ಕುಟುಂಬದ ತೀರ್ಮಾನವಾಗಿತ್ತು. ಹಾಗೆಯೇ, ಕಟ್ಟಡ ಕಾರ್ಮಿಕರಿಗೆ ಮಂಡಳಿಯ ನೋಂದಣಿಯೇ ಆಧಾರವಾಗಿದ್ದುದರಿಂದ ಕಾರ್ಡ್ ಇಲ್ಲದ ಕಾರ್ಮಿಕರಿಗೆ ಆ ನೆರವು ದೊರೆಯುವಂತಿರಲಿಲ್ಲ.

ವೆಚ್ಚದ ಆದ್ಯತೆ

ಉದಾಹರಣೆಗಾಗಿ ಮಾತ್ರ ಒಂದು ಲೆಕ್ಕವನ್ನು ಗಮನಿಸಬಹುದು. ಒಂದು ನಗರಕ್ಕೆ ಒಂದು ಕೋಟಿ ರೂಪಾಯಿ ಲಭ್ಯವಿದೆ ಎಂದು ಭಾವಿಸಿದರೆ, ತಿಂಗಳಿಗೆ 3,000 ರೂಪಾಯಿಗಳಂತೆ ಆರು ತಿಂಗಳ ಬಾಡಿಗೆ ನೆರವು 555 ಕುಟುಂಬಗಳಿಗೆ ಸಲ್ಲುತ್ತದೆ. ಖಾಲಿ ಬಿದ್ದಿರುವ ಸರ್ಕಾರಿ ಮನೆಯೊಂದರ ದುರಸ್ತಿಗೆ ಒಂದು ಲಕ್ಷ ತಗಲುವುದಾದರೆ 100 ಮನೆಗಳು ವಾಸಯೋಗ್ಯವಾಗುತ್ತವೆ. ಎಂಟು ಲಕ್ಷದ ಹೊಸ ಮನೆಗಳಾದರೆ ಹನ್ನೆರಡು ಮಾತ್ರ. ಅವೂ ಕೈಗೆ ಸಿಗುವ ವೇಳೆಗೆ ಸಂಕಷ್ಟದ ಕಾಲ ಮುಗಿದಿರುತ್ತದೆ. ಆದಕಾರಣ ತುರ್ತು ಅವಧಿಯಲ್ಲಿ ಕುಟುಂಬವು ಇರುವ ಮನೆಯಲ್ಲೇ ಉಳಿಯುವಂತೆ ಬಾಡಿಗೆ ನೆರವು, ನಂತರ ಖಾಲಿ ಮನೆಗಳ ದುರಸ್ತಿ, ಕೊನೆಯಲ್ಲಿ ಹೊಸ ನಿರ್ಮಾಣ ಎಂಬ ಕ್ರಮವು ಸೂಕ್ತವೆನಿಸುತ್ತದೆ. ಬಾಡಿಗೆ ನೆರವಿಗೆ ಅವಧಿಯ ಮಿತಿ ಇರಲೇಬೇಕು. ಒಮ್ಮೆ ಬಂದ ಜಮೆಯನ್ನು ನಂಬಿ ಪ್ರತಿ ತಿಂಗಳ ಖರ್ಚನ್ನು ಹೊತ್ತುಕೊಂಡ ಸಂಸ್ಥೆಯು ಮರುವರ್ಷ ಅದನ್ನು ಅರ್ಧದಲ್ಲೇ ಕೈಬಿಡಬೇಕಾಗುತ್ತದೆ.

ಖಾಲಿ ಮನೆಗಳ ವಿಷಯ ಕಡೆಗಣಿಸುವಂಥದ್ದಲ್ಲ. ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನದಡಿ ನಿರ್ಮಿಸಿದ ಸುಮಾರು 1.08 ಲಕ್ಷ ಮನೆಗಳು ದೇಶದಲ್ಲಿ ಖಾಲಿ ಇವೆಯೆಂದು 2020ರಲ್ಲಿ ಗುರುತಿಸಲಾಗಿತ್ತು. ಕೆಲಸದ ಸ್ಥಳದಿಂದ ಬಹುದೂರದಲ್ಲಿರುವ, ನೀರು, ಒಳಚರಂಡಿ, ಬಸ್ಸು ಇಲ್ಲದ ಮನೆಗೆ ಹಕ್ಕುಪತ್ರ ನೀಡಿದರೂ ಕೂಲಿ ಕುಟುಂಬವು ಅಲ್ಲಿ ನಿಲ್ಲುವುದು ಕಷ್ಟ. 2020ರ ಜುಲೈ 8ರಂದು ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣ ಯೋಜನೆಯಲ್ಲಿ ಇಂತಹ ಮನೆಗಳನ್ನು 25 ವರ್ಷಗಳ ಒಪ್ಪಂದದ ಮೇಲೆ ದುರಸ್ತಿಗೊಳಿಸಿ, ನೀರು, ನೈರ್ಮಲ್ಯ ಮತ್ತು ರಸ್ತೆಯ ಕೊರತೆಯನ್ನು ನೀಗಿಸಿ, ವಲಸೆ ಕಾರ್ಮಿಕರಿಗೆ ಹಾಗೂ ನಗರದ ಬಡವರಿಗೆ ಬಾಡಿಗೆಗೆ ನೀಡಲು ಅವಕಾಶ ಕಲ್ಪಿಸಲಾಯಿತು. ಚಂಡೀಗಢದಲ್ಲಿ 2,195 ಮನೆಗಳನ್ನು ಹೀಗೆ ಬಾಡಿಗೆ ಮನೆಗಳಾಗಿ ಪರಿವರ್ತಿಸಲಾಯಿತು. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರ ನಾಲ್ಕು ಘಟಕಗಳಲ್ಲಿ ಬಾಡಿಗೆ ವಸತಿಯೂ ಒಂದು.

ಹಣದ ಮೂಲವನ್ನೂ ಗಮನಿಸಬೇಕು. ವಿಪತ್ತು ಪರಿಹಾರ ನಿಧಿಗೆ ನೀಡಿದ ಮೇಲ್ಕಂಡ ಅನುಮತಿಯು ವಸತಿಯ ಮಟ್ಟಿಗೆ ತಾತ್ಕಾಲಿಕ ಆಶ್ರಯಕ್ಕೆ ಮಾತ್ರ ಸಂಬಂಧಿಸಿದ್ದಾಗಿತ್ತು. ಕಟ್ಟಡ ಕಾರ್ಮಿಕರ ಸೆಸ್ ಹಣವು ಆ ಕಾರ್ಮಿಕರಿಗೇ ಮೀಸಲು. ಅದನ್ನು ಇತರರಿಗೆ ಬಳಸುವಂತಿಲ್ಲ. ಕಚೇರಿಯಲ್ಲಿ “ಹಣವಿದೆ, ಆದರೆ ಈ ಬಾಬ್ತಿಗೆ ಇಲ್ಲ” ಎಂಬ ಉತ್ತರ ಬಂದಾಗ ಅದು ಯಾವಾಗಲೂ ನೆಪವಾಗಿರುವುದಿಲ್ಲ. ಯಾವ ನಿಧಿ, ಯಾವ ಷರತ್ತು ಎಂದು ಅರ್ಜಿದಾರರು ವಿಚಾರಿಸಬಹುದು.

ಅರ್ಜಿದಾರರ ಗಮನಕ್ಕೆ

ಸಂಕಷ್ಟ ಬಂದ ನಂತರ ದಾಖಲೆ ಹುಡುಕುವುದು ಕಷ್ಟ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು ಅವಶ್ಯ. ಇತರ ಅಸಂಘಟಿತ ಕಾರ್ಮಿಕರಿಗೆ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಇದೆ. ಬಾಡಿಗೆ ಕರಾರುಪತ್ರವಿಲ್ಲದವರು ಬಾಡಿಗೆ ಸಂದಾಯದ ರಸೀದಿಯನ್ನಾಗಲಿ ಬ್ಯಾಂಕ್ ವರ್ಗಾವಣೆಯ ವಿವರವನ್ನಾಗಲಿ ಇಟ್ಟುಕೊಂಡಿರುವುದು ಒಳ್ಳೆಯದು.

ತಮ್ಮ ನಗರದಲ್ಲಿ ಸರ್ಕಾರಿ ಮನೆಗಳು ಎಷ್ಟು ಖಾಲಿ ಇವೆ, ಪರಿಹಾರದ ಹಣ ಯಾವ ಬಾಬ್ತಿಗೆ ವೆಚ್ಚವಾಗಿದೆ ಎಂಬ ವಿವರಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಿಸಿದ ಸ್ಥಳೀಯ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಯಿಂದ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಅರ್ಜಿಯಲ್ಲಿ ವಾರ್ಡ್ ಮತ್ತು ವಸತಿ ಸಂಕೀರ್ಣದ ಹೆಸರನ್ನು ಸ್ಪಷ್ಟವಾಗಿ ನಮೂದಿಸಿ, ಸಲ್ಲಿಸಿದ ದಿನವೇ ಸ್ವೀಕೃತಿಯನ್ನು ಪಡೆದುಕೊಳ್ಳುವುದು.