ಎದೆ ಢವಗುಟ್ಟಿದರೂ ಲಗಾಮು ಬಿಗಿಯದಿರಲಿ

ಪರೀಕ್ಷೆಯ ದಿನ ಮಕ್ಕಳಿಗೆ ಹೊಟ್ಟೆ ತೊಳಸುವುದು, ನಾಲ್ಕು ಜನರೆದುರು ಹಾಡಲು ನಿಂತರೆ ನಮಗೆ ಗಂಟಲು ಒಣಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕುದುರೆಯನ್ನು ತಡೆಗಳ ಮೇಲೆ ಹಾರಿಸುವ ಸ್ಪರ್ಧಿಗಳ ಪಾಡು ಇದಕ್ಕಿಂತ ಒಂದು ಕೈ ಮೇಲು. ಅವರ ಅಂಜಿಕೆ ಅವರೊಬ್ಬರದಾಗಿ ಉಳಿಯುವುದಿಲ್ಲ, ಕುದುರೆಗೂ ಅಂಟುತ್ತದೆ!

ಅದು ಹೇಗೆ ಅಂತೀರಾ? ಸವಾರರು ಉಸಿರು ಬಿಗಿಹಿಡಿದರೆ ಭುಜ ಸೆಟೆಯುತ್ತದೆ. ಭುಜ ಸೆಟೆದರೆ ಕೈ, ಕೈ ಬಿಗಿದರೆ ಲಗಾಮು. ಲಗಾಮು ಎಳೆದಾಗ ಕುದುರೆಯ ಬಾಯಿಗೆ ನೋವು. ಅದು ತಲೆ ಎತ್ತಿ ಬೆನ್ನು ಗಟ್ಟಿಮಾಡಿಕೊಂಡರೆ ಜಿಗಿತ ಕೆಡುತ್ತದೆ, ಕಾಲು ತಗುಲಿ ಅಡ್ಡಕೋಲು ಬೀಳುತ್ತದೆ. ಒಂದು ಕೋಲು ಬಿದ್ದರೆ 4 ದಂಡದ ಅಂಕ. ಗ್ರಹಚಾರ ಕೆಟ್ಟರೆ ಸವಾರರೇ ಬೀಳುವುದೂ ಉಂಟು.

ಹಾಗಾದರೆ ಅನುಭವಸ್ಥರಿಗೆ ಭಯವೇ ಇಲ್ಲವೇ? ಇದ್ದೇ ಇರುತ್ತದೆ. ಅವರು ಅದಕ್ಕೊಂದು ಕೆಲಸ ಕೊಡುತ್ತಾರೆ, ಅಷ್ಟೆ.

ಮೊದಲನೆಯದು ನಡಿಗೆ. ಸ್ಪರ್ಧೆಗೆ ಮುಂಚೆ ಕುದುರೆಯಿಲ್ಲದೆ ಕಣವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ನಮ್ಮ ನಾಲ್ಕು ದೊಡ್ಡ ಹೆಜ್ಜೆ ಅಂದರೆ ಕುದುರೆಯ ಒಂದು ನೆಗೆತ, ಸುಮಾರು 12 ಅಡಿ. ಆ ಲೆಕ್ಕದಲ್ಲಿ ತಡೆಯಿಂದ ತಡೆಗೆ ಎಣಿಸಿಕೊಳ್ಳುತ್ತಾರೆ. ಎಣಿಸುವ ಮನಸ್ಸಿಗೆ ಹೆದರಲು ಬಿಡುವೆಲ್ಲಿ?

ಎರಡನೆಯದು ಉಸಿರು. ಗಂಟೆ ಬಾರಿಸಿದ ಮೇಲೆ ಹೊರಡಲು 45 ಸೆಕೆಂಡು ಸಮಯವಿರುತ್ತದೆ. ಆಗ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟರೆ ಭುಜ ತಾನಾಗಿ ಇಳಿಯುತ್ತದೆ.

ಮೂರನೆಯದು ಕಣ್ಣು. ನೋಟ ಯಾವಾಗಲೂ ಮುಂದಿನ ತಡೆಯ ಮೇಲೆ. ಬಿದ್ದ ಕೋಲನ್ನು ತಿರುಗಿ ನೋಡಿದವರು ಮುಂದಿನದನ್ನೂ ಬೀಳಿಸುತ್ತಾರೆ.

2021ರ ಆಗಸ್ಟ್ 2ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಮೊದಲ ಸುತ್ತಿನ ಜಿಗಿತದಲ್ಲಿ 8 ದಂಡದ ಅಂಕ ಪಡೆದರು. ಆದರೂ 25 ಜನರ ಅಂತಿಮ ಸುತ್ತಿಗೆ ಬಂದು 23ನೆಯವರಾದರು. ಅದೇ ಕಣದಲ್ಲಿ ಚಿನ್ನ ಗೆದ್ದವರು ಜರ್ಮನಿಯ ಯೂಲಿಯಾ ಕ್ರಾಯೆವ್ಸ್ಕಿ. ಆ ವರ್ಷವೇ ಅವರು ತಂದೆಯನ್ನು ಕಳೆದುಕೊಂಡಿದ್ದರು. ನೆಚ್ಚಿನ ಕುದುರೆಯ ಒಂದು ಕಣ್ಣನ್ನೇ ತೆಗೆಸಬೇಕಾಗಿ ಬಂದು, ಬೇರೆ ಕುದುರೆಯೊಡನೆ ಟೋಕಿಯೋಗೆ ಬಂದಿದ್ದರು. ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಪಂದ್ಯವಿಲ್ಲ. 'ಈವೆಂಟಿಂಗ್' ಎಂಬ ಈ ವಿಭಾಗಕ್ಕೆ ಹೆಂಗಸರು ಕಾಲಿಟ್ಟದ್ದು 1964ರಲ್ಲಿ. ವೈಯಕ್ತಿಕ ಚಿನ್ನ ಹೆಣ್ಣಿನ ಕೊರಳಿಗೆ ಬಂದದ್ದು ಇದೇ ಮೊದಲು!

ನಮ್ಮ ಮನೆಗಳಲ್ಲಿ ಕುದುರೆ ಇಲ್ಲದಿರಬಹುದು, ಅಂಜುವ ಮಕ್ಕಳಿದ್ದಾರಲ್ಲ. "ಹೆದರಬೇಡ" ಅಂತ ನೂರು ಸಲ ಹೇಳಿದರೆ ಹೆದರಿಕೆ ಹೋಗುವುದಿಲ್ಲ. ಪರೀಕ್ಷೆಯ ಕೊಠಡಿಯನ್ನು ಹಿಂದಿನ ದಿನವೇ ತೋರಿಸಿ ಬನ್ನಿ. ಉಸಿರು ಉದ್ದಕ್ಕೆ ಬಿಡಲು ಕಲಿಸಿ. ತಪ್ಪಿದ ಲೆಕ್ಕವನ್ನು ಅಲ್ಲೇ ಬಿಟ್ಟು ಮುಂದಿನದನ್ನು ನೋಡು ಎನ್ನಿ. ಮುಖ್ಯವಾಗಿ, ಹೊಸಿಲು ದಾಟಿಸುವಾಗ ನಿಮ್ಮ ಮುಖ ಶಾಂತವಾಗಿರಲಿ. ಲಗಾಮು ನಮ್ಮ ಕೈಯಲ್ಲೂ ಇದೆ ತಾನೇ?