ಅಂಗಳದ ನಾಯಿ ಮತ್ತು ಚಿಗಟದ ಲೆಕ್ಕ

ಕಲ್ಲಡ್ಕ, ಮಾಣಿ, ವಿಟ್ಲದ ಕಡೆ ಅಡಿಕೆ ತೋಟದ ನಡುವೆ ಇರುವ ಒಂಟಿ ಮನೆಗಳು ಬಹಳ. ಇಂಥ ಮನೆಗೆ ನಾಯಿ ಬೇಕೇ ಬೇಕು. ಆದರೆ ಅದು ಮನೆಯೊಳಗೆ ಬರುವ ನಾಯಿಯಲ್ಲ. ಹಗಲು ಅಂಗಳದಲ್ಲಿ, ರಾತ್ರಿ ಜಗಲಿಯ ಬದಿಯಲ್ಲಿ, ಮಳೆ ಜೋರಾದರೆ ಹಟ್ಟಿಯ ಮೂಲೆಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಅದರ ವಾಸ. ಮಳೆಗಾಲ ಮುಗಿಯುತ್ತ ಬಂದಂತೆ ಈ ನಾಯಿ ಬಿಡುವಿಲ್ಲದೆ ಮೈ ಕೆರೆದುಕೊಳ್ಳುವುದನ್ನೂ ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುವುದನ್ನೂ ನೀವು ನೋಡಿರಬಹುದು. ಚಿಗಟ ಆಗಿದೆ, ಮೀಯಿಸಿ ಎಂದು ಹಿರಿಯರು ಹೇಳುತ್ತಾರೆ. ಸ್ನಾನ ಆಗುತ್ತದೆ. ಹತ್ತು ದಿನ ಕಳೆಯುವುದರೊಳಗೆ ಕೆರೆತ ಮತ್ತೆ ಆರಂಭ. ಏಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಚಿಗಟ ನಿವಾರಣೆಯ ಅರ್ಧ ಕೆಲಸ ಆದಂತೆಯೇ.

ಮೊದಲು ಕೀಟವನ್ನು ಗುರುತಿಸಿ

ನಾಯಿಯ ಮೈಯಲ್ಲಿ ಎರಡು ಬಗೆಯ ರಕ್ತಹೀರುಕಗಳು ಸಾಮಾನ್ಯ. ಒಂದು ಉಣುಗು. ಇದನ್ನು ಉಣ್ಣೆ ಎಂದೂ ಕರೆಯುತ್ತಾರೆ. ಎಂಟು ಕಾಲಿನ ಇದು ಜೇಡದ ಬಳಗಕ್ಕೆ ಸೇರಿದ್ದು. ಕಿವಿಯಲ್ಲಿ, ಬೆರಳಿನ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಕುಡಿದು ಉಬ್ಬುತ್ತದೆ, ಹಾರುವುದಿಲ್ಲ. ಇನ್ನೊಂದು ಚಿಗಟ. ಇದು ಆರು ಕಾಲಿನ, ರೆಕ್ಕೆಯಿಲ್ಲದ ಕೀಟ. ಉದ್ದ ಎರಡು ಮೂರು ಮಿಲಿಮೀಟರ್ ಅಷ್ಟೆ. ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ ಕೂದಲ ನಡುವೆ ಸರಾಗವಾಗಿ ಓಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ, 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೂ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಚಿಗಟಕ್ಕೂ ಆ ಕಾಯಿಲೆಗೂ ಸಂಬಂಧವಿಲ್ಲ.

ಚಿಗಟದ ಜಿಗಿತವನ್ನು ಕಣ್ಣಿನಿಂದ ಹಿಡಿಯಲಾಗದು. ಟೆಲಿವಿಷನ್ ಕ್ಯಾಮೆರಾದಿಂದಲೂ ಆಗದು. ನಮ್ಮ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. ಒಂದು ಚಿತ್ರದಲ್ಲಿ ಚಿಗಟ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಏಕೆಂದರೆ ಅದು ನೆಲ ಬಿಡಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ಸುಮಾರು ಸಾವಿರದಲ್ಲಿ ಒಂದು ಪಾಲು. 2011ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಟನ್ ಮತ್ತು ಬರೋಸ್ ಎಂಬ ವಿಜ್ಞಾನಿಗಳು ಸೆಕೆಂಡಿಗೆ 5000 ಚಿತ್ರ ತೆಗೆಯುವ ಕ್ಯಾಮೆರಾ ಬಳಸಿ ಇದನ್ನು ವಿವರವಾಗಿ ನೋಡಿದರು. ಚಿಗಟದ ಎದೆಯ ಭಾಗದಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಇದೆ. ಕವಣೆಯ ರಬ್ಬರನ್ನು ಎಳೆದು ಬಿಟ್ಟಂತೆ, ಕೂಡಿಟ್ಟ ಶಕ್ತಿ ಒಮ್ಮೆಲೇ ಬಿಡುಗಡೆಯಾಗಿ ಕೀಟ ಸುಮಾರು ಒಂದು ಅಡಿ ದೂರ ಹಾರಿಬಿಡುತ್ತದೆ.

ನೂರರಲ್ಲಿ ಐದು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಣ್ಣು ಚಿಗಟ ನಾಯಿಯ ರಕ್ತ ಕುಡಿದು ಒಂದೆರಡು ದಿನಗಳಲ್ಲೇ ಮೊಟ್ಟೆಯಿಡಲು ತೊಡಗುತ್ತದೆ; ದಿನಕ್ಕೆ 20ರಿಂದ 50. ಹೇನಿನ ಸೀರು ಕೂದಲಿಗೆ ಅಂಟಿಕೊಂಡಂತೆ ಇವು ಅಂಟುವುದಿಲ್ಲ. ನಾಯಿ ಮೈ ಕೊಡವಿದಲ್ಲಿ, ಮಲಗಿದಲ್ಲಿ ಉದುರುತ್ತವೆ. ಹತ್ತು ಹೆಣ್ಣು ಚಿಗಟಗಳು ದಿನಕ್ಕೆ 20ರಂತೆ ಮೊಟ್ಟೆಯಿಟ್ಟರೆ ಒಂದು ತಿಂಗಳಲ್ಲಿ ಎಷ್ಟಾಯಿತು? ಆರು ಸಾವಿರ!

ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಬಿಳಿಯ ಮರಿಹುಳು ಹೊರಬರುತ್ತದೆ. ಅದು ಬೆಳಕಿಗೆ ಹೆದರಿ ಗೋಣಿಯ ಅಡಿಗೆ, ದೂಳಿನ ಒಳಗೆ ಸರಿಯುತ್ತದೆ. ಅದರ ಆಹಾರ, ದೊಡ್ಡ ಚಿಗಟಗಳು ವಿಸರ್ಜಿಸಿದ ಒಣ ರಕ್ತದ ಕಣ. ಬಳಿಕ ಅದು ರೇಷ್ಮೆಯಂಥ ಎಳೆಯಿಂದ ಗೂಡು ನೇಯ್ದು ಕೋಶಾವಸ್ಥೆಗೆ ಹೋಗುತ್ತದೆ. ಗೂಡಿಗೆ ಮಣ್ಣು, ದೂಳು ಅಂಟಿಕೊಳ್ಳುವುದರಿಂದ ಅದು ಕಣ್ಣಿಗೂ ಬೀಳದು, ಔಷಧವೂ ಒಳಗೆ ಸುಲಭವಾಗಿ ಇಳಿಯದು. ಒಳಗಿರುವ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಗೆ ಜಿಗಿಯುತ್ತದೆ. ರಜೆಯಲ್ಲಿ ಇಪ್ಪತ್ತು ದಿನ ಬೀಗ ಹಾಕಿದ್ದ ಮನೆಯ ಜಗಲಿ ಹತ್ತಿದೊಡನೆ ಕಾಲಿಗೆ ಚಿಗಟ ಮುತ್ತುವುದು ಇದೇ ಕಾರಣಕ್ಕೆ.

ಒಂದು ಜಾಗದ ಚಿಗಟದ ಸಂಸಾರವನ್ನು ನೂರು ಎಂದುಕೊಂಡರೆ ಸುಮಾರು 50 ಮೊಟ್ಟೆ, 35 ಮರಿಹುಳು, 10 ಕೋಶ. ನಾಯಿಯ ಮೈಮೇಲೆ ಇರುವ ಚಿಗಟ ಐದು ಮಾತ್ರ! ನೀವು ಮೀಯಿಸಿದಾಗ ಸಾಯುವುದು ಈ ಐದು. ಉಳಿದ ತೊಂಬತ್ತೈದು ನಾಯಿ ಮಲಗುವ ಜಾಗದಲ್ಲಿ ಸರದಿಗೆ ಕಾಯುತ್ತಿರುತ್ತವೆ.

ಇದರಲ್ಲಿ ಮಳೆಯ ಪಾತ್ರವೂ ಇದೆ. ಗಾಳಿಯ ಸಾಪೇಕ್ಷ ಆರ್ದ್ರತೆ 50 ಶೇಕಡಕ್ಕಿಂತ ಕೆಳಗಿಳಿದರೆ ಮರಿಹುಳು ಒಣಗಿ ಸಾಯುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹಟ್ಟಿಯ ಮೂಲೆ, ಅಡಿಕೆ ಸಿಪ್ಪೆಯ ರಾಶಿ, ಸೌದೆಯ ಅಡಿ ಎಲ್ಲ ಕಡೆ ಬೆಚ್ಚಗೆ, ತೇವವಾಗಿ, ನೆರಳಾಗಿ ಇರುತ್ತದೆ. ಚಿಗಟಕ್ಕೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆ ಬೇಕೆ?

ಬರೀ ತುರಿಕೆಯ ವಿಷಯವಲ್ಲ

ಸುಮಾರು 72 ಹೆಣ್ಣು ಚಿಗಟಗಳು ಸೇರಿದರೆ ದಿನಕ್ಕೆ ಒಂದು ಮಿಲಿಲೀಟರ್ ರಕ್ತ ಹೀರಬಲ್ಲವು. ದೊಡ್ಡ ನಾಯಿಗೆ ಇದು ಅಲ್ಪ. ಆದರೆ ಅರ್ಧ ಕಿಲೋ ತೂಕದ ಮರಿಯ ಮೈಯಲ್ಲಿ ಇರುವ ರಕ್ತವೇ ಸುಮಾರು 40 ಮಿಲಿಲೀಟರ್. ಅದರ ಮೇಲೆ ನೂರೈವತ್ತು ಚಿಗಟಗಳಿದ್ದರೆ ದಿನಕ್ಕೆ ಎರಡು ಮಿಲಿಲೀಟರ್ ಹೋಯಿತು. ಒಸಡು ಬಿಳಿಚಿಕೊಂಡು, ಹಾಲು ಕುಡಿಯಲೂ ತ್ರಾಣವಿಲ್ಲದೆ ಮರಿಗಳು ಸಾಯುವುದುಂಟು.

ಲಾಡಿಹುಳುವಿನ ಒಂದು ಜಾತಿಯನ್ನು ಹರಡುವುದೂ ಚಿಗಟವೇ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗುತ್ತದೆ. ಅದರೊಳಗಿನ ಹುಳು ಕರುಳಿನಲ್ಲಿ ಬೆಳೆಯುತ್ತದೆ. ನಾಯಿಯ ಮಲದಲ್ಲಿ ಸೌತೆಬೀಜದಂಥ ಚೂರುಗಳು ಕಂಡರೆ ಇದೇ ಎಂದು ಸಂಶಯಪಡಬೇಕು. ನಾಯಿಯೊಡನೆ ಆಡುವ ಪುಟ್ಟ ಮಕ್ಕಳು ಅಕಸ್ಮಾತ್ ಚಿಗಟ ನುಂಗಿದರೆ ಅವರಿಗೂ ಬರಬಹುದು.

ಪ್ಲೇಗಿನ ಕಥೆ ನಿಮಗೆ ಗೊತ್ತಿರಬಹುದು. 1898ರಲ್ಲಿ ಕರಾಚಿಯಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂಡ್, ಪ್ಲೇಗ್ ತಗಲಿದ ಇಲಿಯ ಬಳಿ ಆರೋಗ್ಯವಂತ ಇಲಿಯನ್ನು ಜಾಲರಿಯ ಪಂಜರದಲ್ಲಿ ಇಟ್ಟರು. ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ದಾಟಬಹುದಿತ್ತು. ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ಕಾಲಿಟ್ಟಿತ್ತು. ಅದರ ಮುಖ್ಯ ವಾಹಕ ಇಲಿಯ ಚಿಗಟ. ನಿಮ್ಮ ನಾಯಿಯನ್ನು ಕಂಡು ಆ ಭಯ ಬೇಡ. ರೋಗಿಯನ್ನಷ್ಟೇ ನೋಡದೆ ಅವನು ವಾಸಿಸುವ ಜಾಗವನ್ನೂ ನೋಡಬೇಕೆಂಬ ಪಾಠ ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ.

ಒಂದೇ ದಿನ, ಎರಡು ಕೆಲಸ

ಮೊದಲನೆಯದು ನಾಯಿ. ಕುತ್ತಿಗೆಯ ಸುತ್ತ ಮೊದಲು ಸಾಬೂನಿನ ನೊರೆಯ ಬಳೆ ಮಾಡಿ. ಇಲ್ಲವಾದರೆ ಚಿಗಟಗಳು ಕಿವಿ, ಮುಖದ ಕಡೆಗೆ ಓಡುತ್ತವೆ. ಬಳಿಕ ಮೈಯೆಲ್ಲ ಉಜ್ಜಿ, ಹೇನು ತೆಗೆಯುವ ಬಾಚಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸಾಬೂನಿನ ನೀರಿಗೆ ಹಾಕಿ. ಬರೀ ನೀರಿನಲ್ಲಿ ಚಿಗಟ ತೇಲುತ್ತದೆ. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ಮುಳುಗುತ್ತದೆ. ಎಳೆಯ ಮರಿಗಳಿಗೆ ಉಗುರುಬೆಚ್ಚನೆಯ ನೀರು ಮತ್ತು ಬಾಚಣಿಗೆ ಸಾಕು. ದೊಡ್ಡ ನಾಯಿಗೆ ಭುಜದ ನಡುವೆ ಹಾಕುವ ಹನಿಮದ್ದು, ನುಂಗಿಸುವ ಮಾತ್ರೆ ಇವೆ. ನಾಯಿಯ ತೂಕ ತಿಳಿಸಿ ಪಶುವೈದ್ಯರಿಂದಲೇ ಪಡೆಯಿರಿ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಅಂದೇ ಚಿಕಿತ್ಸೆ ಆಗಬೇಕು. ಆದರೆ ನಾಯಿಯ ಮದ್ದನ್ನು ಬೆಕ್ಕಿಗೆ ಹಾಕಬೇಡಿ. ಕೆಲವು ಮದ್ದುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಎರಡನೆಯದು ಜಾಗ. ನಾಯಿ ಎಲ್ಲೆಲ್ಲಿ ಮಲಗುತ್ತದೆ ಎಂದು ಎರಡು ದಿನ ಗಮನಿಸಿ ಪಟ್ಟಿ ಮಾಡಿ. ಹಳೆಯ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಇಲ್ಲವೆ ಸುಟ್ಟುಬಿಡಿ. ಸಿಪ್ಪೆಯ ರಾಶಿ, ಸೌದೆಯನ್ನು ಸರಿಸಿ ಅಡಿಯ ದೂಳನ್ನು ಗುಡಿಸಿ ತೆಗೆಯಿರಿ. ಸಿಮೆಂಟು ನೆಲವನ್ನು ಬಿಸಿ ಸಾಬೂನಿನ ನೀರಿನಿಂದ ತೊಳೆಯಿರಿ. ನಾಯಿಗೆ ಗಾಳಿಯಾಡುವಂತೆ ಎತ್ತರದ ಹಲಗೆಯ ಮೇಲೆ ಒಗೆಯಬಹುದಾದ ಬಟ್ಟೆ ಹಾಸಿ, ವಾರಕ್ಕೊಮ್ಮೆ ಒಗೆಯಿರಿ.

ಎರಡು ವಾರದ ಮೇಲೆ ಮತ್ತೆ ನಾಲ್ಕಾರು ಚಿಗಟ ಕಂಡರೆ ಮದ್ದು ಸೋತಿತೆಂದು ತಿಳಿಯಬೇಡಿ. ಅವು ಗೂಡಿನಿಂದ ಹೊರಬಂದವು. ಹೊಸದಾಗಿ ಬಂದವು ಮೊಟ್ಟೆಯಿಡುವ ಮೊದಲೇ ಸಾಯುವಂತೆ ಕನಿಷ್ಠ ಮೂರು ತಿಂಗಳು ಕ್ರಮ ತಪ್ಪದೆ ನಡೆಸಬೇಕು. ಅಂಗಳದ ನಾಯಿ ಊರು ಸುತ್ತುತ್ತದೆ, ಬೇರೆ ನಾಯಿಗಳ ಸಂಗ ಮಾಡುತ್ತದೆ. ಆದ್ದರಿಂದ ಚಿಗಟ ಎಂದೆಂದಿಗೂ ಬಾರದಂತೆ ಮಾಡಲಾಗದು. ಬಂದದ್ದು ಸಂಸಾರ ಹೂಡದಂತೆ ಮಾಡಬಹುದು.

ತೋಟದ ವಿಷ ಬೇಡ

ಕೊನೆಯದಾಗಿ ಒಂದು ಎಚ್ಚರಿಕೆ. ತೋಟಕ್ಕೆಂದು ತಂದ ಕೀಟನಾಶಕ ಉಳಿದಿದೆ, ಸ್ವಲ್ಪ ನಾಯಿಗೂ ಹಚ್ಚೋಣ ಎಂದು ಯಾರಾದರೂ ಹೊರಟರೆ ತಡೆಯಿರಿ. ಅದು ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ನಾಯಿ ಮೈ ನೆಕ್ಕುತ್ತದೆ. ಅದೇ ನಾಯಿಯನ್ನು ಮಗು ತಬ್ಬಿಕೊಳ್ಳುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ನೋವು ನಮ್ಮ ಜಿಲ್ಲೆಗೆ ಹೊಸತಲ್ಲ. ಅದರ ತಯಾರಿಕೆ, ಮಾರಾಟ, ಬಳಕೆಯನ್ನು ಸುಪ್ರೀಂ ಕೋರ್ಟು ತಡೆದದ್ದು 2011ರ ಮೇ 13ರಂದು. ಕೀಟಕ್ಕೆ ವಿಷವಾದದ್ದು ನಮಗೂ ವಿಷವಾಗಬಹುದು ಎಂಬುದನ್ನು ಮರೆಯಬಾರದು.

ನೀವೇ ಮಾಡಿ ನೋಡಿ

ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ ಬೆನ್ನಿನ ಕೂದಲು ಬಾಚಿ. ಕಪ್ಪು ಪುಡಿ ಉದುರಿದರೆ ಐದು ನಿಮಿಷ ಕಾಯಿರಿ. ಅದರ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ವಾರಕ್ಕೊಮ್ಮೆ ಹೀಗೆ ಪರೀಕ್ಷಿಸಿ ದಿನಾಂಕ ಹಾಕಿ ಬರೆದಿಡಿ. ಕೆಂಪು ಕಲೆ ಕಡಿಮೆಯಾಗುತ್ತ ಹೋದರೆ ನಿಮ್ಮ ಕೆಲಸ ಸರಿಯಾದ ದಾರಿಯಲ್ಲಿದೆ. ಕಡಿಮೆಯಾಗದಿದ್ದರೆ ನಾಯಿ ಮಲಗುವ ಇನ್ನೊಂದು ಜಾಗ ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಅದನ್ನು ಹುಡುಕಿ.