ನಿಮಗಿದು ಗೊತ್ತೆ? ನೀರಿಗಿಂತ ಹಗುರ, ಲೀಟರ್ ಹುರುಳಿ!
ಹುರುಳಿಕಾಳು ನೀರಿನಲ್ಲಿ ಮುಳುಗುತ್ತದೆ; ಆದರೂ ಒಂದು ಲೀಟರ್ ಹುರುಳಿ ಒಂದು ಲೀಟರ್ ನೀರಿಗಿಂತ ಹಗುರ! ಅವರೆ, ಅಲಸಂದೆಗೂ ಇದೇ ಮಾತು. ಲೀಟರ್ ನೀರು ಒಂದು ಕೆ.ಜಿ. ತೂಗಿದರೆ, ಒಣಕಾಳು ಸುಮಾರು 700ರಿಂದ 850 ಗ್ರಾಂ ಮಾತ್ರ. ಕಾರಣ, ಅಳತೆಯೊಳಗೆ ಹೆಚ್ಚುಕಡಿಮೆ ಶೇ 40ರಷ್ಟು ಜಾಗ ಕಾಳುಗಳ ನಡುವಿನ ಗಾಳಿಯದು. ದಪ್ಪ ಕಾಳಿನ ನಡುವೆ ಸಂದು ದೊಡ್ಡದು, ಹಾಗಾದರೆ ಅದು ಇನ್ನೂ ಹಗುರವಲ್ಲವೆ? ಸಂದು ದೊಡ್ಡದು ನಿಜ, ಆದರೆ ಅವುಗಳ ಸಂಖ್ಯೆ ಕಡಿಮೆ. ಗಾತ್ರಕ್ಕಿಂತ ಕಾಳಿನ ಆಕಾರ, ತೇವಾಂಶ, ತುಂಬುವ ರೀತಿ ಮುಖ್ಯ. ಕುಲುಕಿ ತುಂಬಿದರೆ ಅದೇ ಅಳತೆ ಪಾತ್ರೆ ಹೆಚ್ಚು ಕಾಳು ಹಿಡಿಯುತ್ತದೆ. ಆದ್ದರಿಂದ ಎಲ್ಲ ಕಾಳಿಗೂ ಒಂದೇ ಲೆಕ್ಕ ಸಲ್ಲದು. ಬಾಯಿಮಟ್ಟಕ್ಕೆ ಸವರಿ, ಒಂದೊಂದು ಬಗೆಯನ್ನೂ ಒಮ್ಮೆ ತೂಗಿ ಗುರುತಿಟ್ಟುಕೊಳ್ಳುವುದೇ ಸರಿ.